ಕಲ್ಲಿನ ಹಕ್ಕಿಯೂ ಗೊಬ್ಬರದ ಚೀಲವೂ

ಅಫಜಲಪುರ

ಜನ ವಿದೇಶಕ್ಕೆ ಹೋಗುವುದು ಗೋಪುರ ನೋಡಲು, ಅರಮನೆ ನೋಡಲು, ಹೋಗಲಿ ಎಂದರೆ ಒಂದು ದೊಡ್ಡ ಅಂಗಡಿಯನ್ನಾದರೂ ನೋಡಲು. ನಾವು ಹೋದದ್ದು ಒಂದು ಕಾಡುಕೋಳಿ ನೋಡಲು. ಅದೂ ಕಾಣದ ಕೋಳಿ. ಕೂತ ನೆಲದ ಬಣ್ಣವನ್ನೇ ಮೈತುಂಬ ಹೊದ್ದು "ನಾನಿಲ್ಲ" ಎಂದು ಕೂಡುವುದೇ ಅದರ ಜೀವಮಾನದ ಸಾಧನೆ. ಇದನ್ನು ನೋಡಲು ಭೂಮಿಯ ನೆತ್ತಿಯ ತನಕ ಹೋಗಬೇಕಾಯಿತು. ಕಾರಣ, ಒಂದು ಗೊಬ್ಬರದ ಚೀಲ.

ನಮ್ಮನೆಯವರು ಜೇವರ್ಗಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ವರ್ಷಗಟ್ಟಲೆ ಕಪ್ಪೆಯ ಹೊಟ್ಟೆ ಬಗೆದ ಪಾಪ ಕಳೆಯಲೆಂದೋ ಏನೋ, ನಿವೃತ್ತಿಯ ಮರುದಿನದಿಂದ ಪಕ್ಷಿಗಳ ಹಿಂದೆ ಬಿದ್ದರು. ಕೊರಳಲ್ಲಿ ದುರ್ಬೀನು, ತಲೆಗೆ ಟೊಪ್ಪಿಗೆ, ಕಿಸೆಯಲ್ಲಿ ನೋಡಿದ ಹಕ್ಕಿಗಳ ಪಟ್ಟಿ. ಹೋದ ವರ್ಷ ಕಲಬುರಗಿಯ ಪಕ್ಷಿಪ್ರಿಯರ ತಂಡವೊಂದು ನಮ್ಮೂರಿಗೆ ಬಂದಾಗ ಅವರನ್ನು ಸೊನ್ನದ ಬ್ಯಾರೇಜಿಗೆ ಕರೆದುಕೊಂಡು ಹೋಗಿ, ಭೀಮಾ ನದಿಯ ಆಚೆ ದಂಡೆಗೆ ಕೈಮಾಡಿ, "ನೋಡ್ರಿ, ಬಿಳಿ ಕೊಕ್ಕರೆ! ಈ ಜಾತಿ ನಮ್ಮ ಕಡಿ ಯಾರೂ ನೋಡಿಲ್ಲ" ಎಂದು ಸಾರಿದರು. ಹನ್ನೆರಡು ದುರ್ಬೀನುಗಳು ಏಕಕಾಲಕ್ಕೆ ಎದ್ದವು. ಕೊಕ್ಕರೆ ಅರ್ಧ ಗಂಟೆ ಅಲುಗಾಡಲಿಲ್ಲ. ಎಂಥ ಏಕಾಗ್ರತೆ ಎಂದು ಎಲ್ಲರೂ ತಲೆದೂಗಿದರು. ಆಮೇಲೆ ಗಾಳಿ ಬೀಸಿತು, ಕೊಕ್ಕರೆ ಮಗುಚಿ ಬಿತ್ತು. ಅದರ ಹೊಟ್ಟೆಯ ಮೇಲೆ ಯೂರಿಯಾ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು.

ಅಂದಿನಿಂದ ಆ ತಂಡದಲ್ಲಿ ಇವರ ಹೆಸರು "ಚೀಲದ ಸರ್."

"ರೀ, ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರ್ಸೂಣ್ರಿ" ಎಂದೆ ನಾನು.

"ಕಣ್ಣಿಗೇನಾಗ್ಯದ? ಬಿಸಲು ಹೊಡೀತಿತ್ತು, ಅಷ್ಟ."

ಬಿಸಿಲಿನದೇ ತಪ್ಪು ಎಂದು ಒಪ್ಪಿದೆ. ಮುಂದಿನ ವಾರ ಪೂಜೆಗೆ ಕೂತವರು ವಿಭೂತಿ ಗಟ್ಟಿ ಎಂದು ಸಾಬೂನಿನ ತುಂಡಿನಿಂದ ಹಣೆಗೆ ಮೂರು ಗೆರೆ ಎಳೆದುಕೊಂಡು, ಒದ್ದೆ ಕೈಯಿಂದ ಒರೆಸಿಕೊಂಡಾಗ ನೊರೆ ಬಂತು. ಆವತ್ತು ಬಿಸಿಲಿರಲಿಲ್ಲ, ಮೋಡ ಇತ್ತು. ಹಾಗಾಗಿ ಮೋಡದ ತಪ್ಪು.

ಅವರಿಗೆ ಕಣ್ಣಿನ ಆಪರೇಷನ್ ಎಂದರೆ ಜೀವವೇ ನಡುಗುತ್ತದೆ. ನಮ್ಮ ಮಾವನವರು ಎಂದೋ ಒಂದು ಕ್ಯಾಂಪಿಗೆ ಹೋಗಿ, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಂದು, ಆಮೇಲೆ ಸಾಯುವ ತನಕ ಗೋಡೆ ಸವರಿಕೊಂಡೇ ಓಡಾಡಿದರಂತೆ. ಇದನ್ನು ಇವರು ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಕೇಳುವುದಿಲ್ಲ. ಬಿಸಿಲು, ಮೋಡ ಎಂದು ಮಾತಾಡಿಕೊಂಡು ಸಂಸಾರ ಮಾಡುತ್ತೇವೆ.

ಹೀಗಿರುವಾಗ ಪುಣೆಯ ಪಕ್ಷಿಪ್ರಿಯರ ಗುಂಪೊಂದು ನಾರ್ವೆಯ ಉತ್ತರ ತುದಿಗೆ ಹೊರಟಿದೆ ಎಂಬ ಸುದ್ದಿ ಬಂತು. ಟುಂಡ್ರಾ ಬಯಲಲ್ಲಿ ಟಾರ್ಮಿಗನ್ ಎಂಬ ಹಕ್ಕಿ ಇದೆಯಂತೆ. ನಮ್ಮ ಹೊಲದ ಗೌಜಲಕ್ಕಿಯ ದೂರದ ನೆಂಟ, ಕಾಲ್ಬೆರಳಿನ ತನಕ ಗರಿಯ ಕಾಲುಚೀಲ ತೊಟ್ಟ ನೆಂಟ. ಕಲಬುರಗಿಯ ಒಬ್ಬರ ಪಟ್ಟಿಯಲ್ಲೂ ಅದಿಲ್ಲ.

"ಇದೊಂದು ನೋಡಿ ಬಂದ್ರ ಎಲ್ಲಾರ ಬಾಯಿ ಬಂದ್" ಎಂದರು.

"ನೋಡಾಕ ಕಣ್ಣು ಬೇಕಲ್ರೀ?"

ಅಡುಗೆಮನೆಯಲ್ಲೇ ಶರ್ತು ಕಟ್ಟಿದೆವು. ನನ್ನ ಸಹಾಯವಿಲ್ಲದೆ ಆ ಹಕ್ಕಿಯನ್ನು ಅವರೇ ಗುರುತಿಸಿದರೆ, ಕಣ್ಣಿನ ಡಾಕ್ಟರ್ ಎಂಬ ಹೆಸರನ್ನು ನಾನು ಜನ್ಮದಲ್ಲಿ ಎತ್ತಬಾರದು. ಗುರುತಿಸದಿದ್ದರೆ, ವಾಪಸು ಬಂದ ವಾರದೊಳಗೆ ಅವರು ಸುಮ್ಮನೆ ಆಸ್ಪತ್ರೆಗೆ ಬರಬೇಕು. ಬಿಸಿಲು, ಮೋಡ, ಮಂಜು ಯಾವುದೂ ನಡೆಯದು.

"ಮಂಜೂ ಸೇರ್ಸಿದೇನು?" ಎಂದರು ಬೇಜಾರಿನಿಂದ. ಅದೇ ಅವರ ಮುಂದಿನ ಅಸ್ತ್ರವಾಗಿತ್ತು, ಪಾಪ.

ರೊಟ್ಟಿಯ ಗಂಟು, ಓಸ್ಲೋ ತನಕ

ನನ್ನ ತವರು ಆಳಂದ. ಅಲ್ಲಿಂದ ಅಣ್ಣನ ಹೆಂಡತಿ, ನಮ್ಮ ವೈನಿ, ಐವತ್ತು ಕಟಕ ರೊಟ್ಟಿ ಬಡಿದು, ಒಣಗಿಸಿ, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿ ಕಳಿಸಿದ್ದರು. "ಆ ದೇಶದಾಗ ಮೀನ ಬಿಟ್ರ ಏನೂ ಸಿಗಂಗಿಲ್ಲಂತ. ನೀವು ಬಡಕಲಾಗಿ ಬಂದೀರಿ" ಎಂದಿದ್ದರು. ನನ್ನನ್ನು ಬಡಕಲು ಎಂದು ಕಲ್ಪಿಸಿಕೊಂಡ ಆ ಪುಣ್ಯಾತ್ಗಿತ್ತಿಗೆ ಮನಸ್ಸಿನಲ್ಲೇ ಶರಣು ಎಂದೆ.

ಓಸ್ಲೋ ವಿಮಾನ ನಿಲ್ದಾಣದಲ್ಲಿ ಕೈಗವಸು ತೊಟ್ಟ ಅಧಿಕಾರಿಯೊಬ್ಬ ಗಂಟು ಬಿಚ್ಚಿಸಿದ. ರೊಟ್ಟಿಯನ್ನು ಬೆಳಕಿಗೆ ಹಿಡಿದ. ಬೆರಳಿನಿಂದ ಬಾಗಿಲು ಬಡಿದಂತೆ ಟಕ್ ಟಕ್ ಎಂದು ಬಡಿದ. ಒಳಗಿಂದ ಯಾರೂ ಓಗೊಡಲಿಲ್ಲ.

"ಏನಿದು?"

ಕಾನ್ವೆಂಟಿನಲ್ಲಿ ಕಲಿತವಳು ನಾನು. ಬೆನ್ನು ನೆಟ್ಟಗೆ ಮಾಡಿ, ನಸುನಕ್ಕು, "ಬ್ರೆಡ್, ಸರ್" ಎಂದೆ. ನನ್ನ ಮುಖದ ಪ್ರಾಮಾಣಿಕತೆಯೋ ರೊಟ್ಟಿಯ ಗಟ್ಟಿತನವೋ, ಬಿಟ್ಟುಬಿಟ್ಟ.

ಮರುದಿನ ಹೋಟೆಲಿನ ನಾಷ್ಟಾದ ಮೇಜಿನ ಮೇಲೆ ಒಂದು ಬುಟ್ಟಿ. ಅದರಲ್ಲಿ ದುಂಡಗೆ, ತೆಳ್ಳಗೆ, ಮುರಿದರೆ ಕಟಕ್ ಎನ್ನುವ ರೊಟ್ಟಿ. ಈ ದೇಶದವರ ಅಜ್ಜಿಯರೂ ಇದನ್ನು ಚಳಿಗಾಲಕ್ಕೆಂದು ಒಣಗಿಸಿ ಇಡುತ್ತಿದ್ದರಂತೆ. ಐವತ್ತು ರೊಟ್ಟಿಯನ್ನು ಏಳು ಸಮುದ್ರದಾಚೆ ಹೊತ್ತುಕೊಂಡು ಬಂದು ರೊಟ್ಟಿಯ ದೇಶಕ್ಕೇ ಇಳಿಸಿದ್ದೆ. ಪಕ್ಕದಲ್ಲಿ ಕಂದು ಬಣ್ಣದ ಚೀಸು. ಬಾಯಿಗಿಟ್ಟರೆ ಥೇಟ್ ಪೇಡೆ, ಮಾಡುವಾಗ ಯಾರೋ ತಪ್ಪಿ ಉಪ್ಪು ಹಾಕಿದ ಪೇಡೆ. ನಮ್ಮನೆಯವರು ಅದನ್ನು ಸಾಬೂನು ಎಂದುಕೊಂಡು ಮುಟ್ಟಲೇ ಇಲ್ಲ. ಒಮ್ಮೆ ಸುಟ್ಟುಕೊಂಡವರು.

ವರಾಂಗರ್, ಮೊದಲ ದಿನ

ಓಸ್ಲೋದಿಂದ ಮತ್ತೂ ಉತ್ತರಕ್ಕೆ ಹಾರಿ, ಅಲ್ಲಿಂದ ಬಸ್ಸಿನಲ್ಲಿ ವರಾಂಗರ್ ಎಂಬ ಪ್ರಾಂತಕ್ಕೆ ಬಂದೆವು. ಜೂನ್ ತಿಂಗಳು. ಸೂರ್ಯ ಮುಳುಗುವುದಿಲ್ಲ. ನಮ್ಮ ಕಡೆ ಜನ ಯಾವ ಸೂರ್ಯ ಎಂದು ಮುಳುಗುತ್ತಾನೋ ಎಂದು ಮೇ ತಿಂಗಳಿಡೀ ಶಪಿಸುತ್ತಾರೋ, ಆ ಸೂರ್ಯನನ್ನೇ ಇಲ್ಲಿಯವರು ಮಡಿಲಲ್ಲಿ ಮಗುವಿನಂತೆ ಕೂರಿಸಿಕೊಂಡು, ಅಂಗಿ ಬಿಚ್ಚಿ ಕಲ್ಲಿನ ಮೇಲೆ ಮಲಗಿರುತ್ತಾರೆ. ಕಲಬುರಗಿ ಬಿಸಿಲನ್ನು ಒಂದು ಡಜನ್ ಬಾಟಲಿಯಲ್ಲಿ ತುಂಬಿ ಕಳಿಸಿದ್ದರೆ ಇಡೀ ಊರು ನಮಗೆ ಚಿರಋಣಿಯಾಗುತ್ತಿತ್ತು.

ವಸತಿಗೃಹದ ಬಾಗಿಲಲ್ಲಿ ಎಲ್ಲರೂ ಬೂಟು ಕಳಚಬೇಕು. ನನಗೆ ಕಣ್ಣಲ್ಲಿ ನೀರು ಬಂತು. ಇಂಗ್ಲಿಷ್ ಕಾದಂಬರಿಗಳನ್ನು ಓದಿ, ಆಚೆ ದೇಶದವರೆಲ್ಲ ಬೂಟಿನಿಂದಲೇ ಹಾಸಿಗೆ ತನಕ ಬರುವವರು ಎಂದು ತಿಳಿದಿದ್ದೆ. ಸಾಲಾಗಿ ಜೋಡಿಸಿದ ಬೂಟುಗಳನ್ನು ನೋಡಿ ನಮ್ಮೂರ ಮಠದ ಬಾಗಿಲು ನೆನಪಾಯಿತು, ಯಾರೂ ಯಾರದನ್ನೂ ಹಾಕಿಕೊಂಡು ಹೋಗುವುದಿಲ್ಲ ಎಂಬುದೊಂದು ಬಿಟ್ಟರೆ. ನಮ್ಮನೆಯವರ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕಿ ನಾರ್ವೆಯನ್ನು ನೋಡುತ್ತಿತ್ತು. ಪಕ್ಷಿ ನೋಡಲು ಮೂರು ದುರ್ಬೀನು ಕೊಂಡವರು, ಕಾಲುಚೀಲ ಮಾತ್ರ ಕಾಲೇಜಿನ ದಿನಗಳದೇ ತಂದಿದ್ದರು.

ನಮ್ಮ ಗೈಡ್ ಹೆಸರು ಮಾರಿತ್. ಐವತ್ತರ ಹೆಂಗಸು, ಬಸ್ಸು ಎಷ್ಟೇ ಕುಲುಕಿದರೂ ಒಂದು ಹೊಲಿಗೆ ತಪ್ಪದೆ ಉಲ್ಲನ್ ಹೆಣೆಯುವವಳು. ಆಕೆ ಹೇಳಿದ್ದನ್ನು ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಈ ಹಕ್ಕಿಯಲ್ಲಿ ಎರಡು ಜಾತಿ. ಒಂದು, ತಗ್ಗಿನ ಪೊದೆಗಳ ಜಾತಿ. ಬೇಸಿಗೆಯಲ್ಲಿ ಗಂಡಿನ ತಲೆ, ಕೊರಳು ಇಟ್ಟಿಗೆಯ ಕೆಂಪು; ಬಾಯಿ ದೊಡ್ಡದು. ಇನ್ನೊಂದು, ಗುಡ್ಡದ ಮೇಲಿನ ಕಲ್ಲಿನ ಜಾತಿ. ಗಂಡಿಗೆ ಕಣ್ಣಿನಿಂದ ಕೊಕ್ಕಿನ ತನಕ ಕಾಡಿಗೆ ಎಳೆದಂತೆ ಕಪ್ಪು ಗೆರೆ, ಕಣ್ಣಿನ ಮೇಲೆ ಕುಂಕುಮದಂಥ ಕೆಂಪು ಹುಬ್ಬು. ಅದು ಕೂಗುವುದಿಲ್ಲ, ಗೊರಕೆ ಹೊಡೆಯುತ್ತದೆ. ನಮಗೆ ಬೇಕಾದದ್ದು ಎರಡನೆಯದು.

ಪೊದೆಯ ಜಾತಿ ಮೊದಲ ದಿನವೇ ಸಿಕ್ಕಿತು. ಸಿಕ್ಕಿತು ಎಂದರೆ, ಅದೇ ರಸ್ತೆಯ ಬದಿಗೆ ಬಂದು ನಿಂತು, ನಮ್ಮ ಬಸ್ಸಿಗೆ ಬೈಯತೊಡಗಿತು. ಜಾಗ ಬಿಡದ ಮುಂದಿನ ಗಾಡಿಯವನಿಗೆ ನಮ್ಮ ಟಂಟಂ ಆಟೋದ ಡ್ರೈವರು ಬೈಯುವ ರೀತಿ, ಅದೇ ರಾಗ, ಅದೇ ಆವೇಶ. ನಮ್ಮನೆಯವರಿಗೂ ಕಂಡಿತು.

"ಕಂಡ್ತು ನೋಡು" ಎಂದರು ನನ್ನತ್ತ ತಿರುಗಿ.

"ಕಾಣಲಾರದೇನು? ಬಸ್ಸಿನ ಬಾಗ್ಲಾಗ ಬಂದು ನಿಂತದ."

ಎರಡನೇ ದಿನ

ಮಳೆ. ಬಸ್ಸಿನಲ್ಲೇ ಕೂತೆವು. ಪುಣೆಯ ಆಪ್ಟೆ ಕಾಕಾ ತಮ್ಮ ಕ್ಯಾಮೆರಾದ ಮಸೂರವನ್ನು ಒರೆಸುತ್ತಿದ್ದರು. ಅದು ನಮ್ಮ ಹೊಲದ ಬೋರ್‌ವೆಲ್ ಪೈಪಿನಷ್ಟು ಉದ್ದ. ನಮ್ಮನೆಯವರನ್ನು ಅವರು, "ಪ್ರೊಫೆಸರ್ ಸಾಹೇಬ್, ನಿಮ್ಮ ಪಟ್ಟಿಯಲ್ಲಿ ಎಷ್ಟಾದವು?" ಎಂದು ಗಂಟೆಗೊಮ್ಮೆ ಕೇಳುತ್ತಿದ್ದರು. ಉತ್ತರಕ್ಕೆ ಕಾಯದೆ ತಮ್ಮದನ್ನು ಹೇಳುತ್ತಿದ್ದರು.

ಮಾರಿತ್ ಉಲ್ಲನ್ ಹೆಣೆಯುತ್ತಲೇ ಕಲ್ಲಿನ ಹಕ್ಕಿಯ ಸಂಸಾರ ವಿವರಿಸಿದಳು. ಚಳಿಗಾಲದಲ್ಲಿ ಗಂಡು ಹೆಣ್ಣು ಎರಡೂ ಹಿಮದಂತೆ ಬಿಳಿ. ಹಿಮ ಕರಗುತ್ತ ಬಂದಂತೆ ಹೆಣ್ಣು ಬೇಗ ಬೇಗ ಗರಿ ಬದಲಿಸಿ ಕಲ್ಲು, ಪಾಚಿಗಳ ಬಣ್ಣಕ್ಕೆ ಬರುತ್ತದೆ. ಮೊಟ್ಟೆ ಇಟ್ಟು ಕಾವು ಕೊಡುವವಳು ಅವಳಲ್ಲವೇ? ಗಂಡು ಮಾತ್ರ ಹಿಮ ಕರಗಿ ಹೋದರೂ ಬಿಳಿ ಅಂಗಿ ಬಿಚ್ಚುವುದಿಲ್ಲ. ಕರಿ ಕಲ್ಲಿನ ಮೇಲೆ ಬೆಳ್ಳಗೆ ಹೊಳೆಯುತ್ತ, ಹೆಣ್ಣುಗಳ ಕಣ್ಣಿಗೆ ಬೀಳಲೆಂದು ಎದೆಯುಬ್ಬಿಸಿ ನಿಲ್ಲುತ್ತದೆ. ಗಿಡುಗನ ಕಣ್ಣಿಗೂ ಬೀಳುತ್ತದೆ ಎಂಬುದು ಅದಕ್ಕೆ ಹೊಳೆಯುವುದಿಲ್ಲ. ಹೆಣ್ಣು ಕಾವಿಗೆ ಕೂತ ಮೇಲೆ, ಇನ್ನು ಮೆರೆದು ಪ್ರಯೋಜನವಿಲ್ಲ ಎಂದು ಗೊತ್ತಾಗಿ, ಕೆಸರಿನಲ್ಲಿ ಹೊರಳಾಡಿ ಮೈಯೆಲ್ಲ ಹೊಲಸು ಮಾಡಿಕೊಳ್ಳುತ್ತದೆಯಂತೆ.

ಇದರಲ್ಲಿ ಮಾರಿತ್‌ಗೆ ಕಂಡ ವೈಜ್ಞಾನಿಕ ಬೆರಗು ನನಗೆ ಕಾಣಲಿಲ್ಲ. ಹೆಣ್ಣು ನೋಡಲು ಬಂದಾಗ ಇಸ್ತ್ರಿ ಮುರಿಯದ ಬಿಳಿ ಅಂಗಿ, ಸಂಸಾರವಾದ ಮೇಲೆ ಅರಿಶಿನದ ಕಲೆ ಬಿದ್ದ ಬನಿಯನ್. ಟುಂಡ್ರಾ ಆದರೇನು, ಆಳಂದ ಆದರೇನು.

ಕ್ರಿಸ್‌ಮಸ್ಸಿಗೆ ಇಲ್ಲಿಯವರು ಇದೇ ಹಕ್ಕಿಯನ್ನು ಕೆನೆ ಹಾಕಿ ಬೇಯಿಸಿ ತಿನ್ನುತ್ತಾರಂತೆ. ನಾವು ದರ್ಶನಕ್ಕೆ ಬಂದ ದೇವರು ಇವರಿಗೆ ಸಾರು.

"ಗೂಡು ಕಂಡರೆ ಗುಂಪು ಕೂಡಬೇಡಿ" ಎಂದೂ ಮಾರಿತ್ ಹೇಳಿದಳು. "ಹೆಣ್ಣು ಕಾಲಬುಡದಲ್ಲಿದ್ದರೂ ಏಳುವುದಿಲ್ಲ. ಎದ್ದರೆ, ನಾವು ಹೋದ ಮೇಲೆ ಕಾಗೆ ಬಂದು ಮೊಟ್ಟೆ ಒಯ್ಯುತ್ತದೆ." ಇದನ್ನು ಹೇಳುವಾಗ ಆಕೆಯ ಕಡ್ಡಿಗಳು ನಿಂತವು. ಅದೊಂದೇ ಸಲ ನಿಂತದ್ದು.

ಗುಡ್ಡದ ಮೇಲೆ, ಕೊನೆಯ ದಿನ

ಗುಡ್ಡದ ಮೇಲೆ ಕಲ್ಲು. ಕಲ್ಲಿನ ಮೇಲೆ ಕಲ್ಲು. ಅಲ್ಲಲ್ಲಿ ಕರಗದೆ ಉಳಿದ ಹಿಮದ ತೇಪೆಗಳು, ಹೋಳಿ ಮರುದಿನದ ಪಂಚೆಯಂತೆ ಮಾಸಿದ್ದವು. ಬೆಳಗಿನಿಂದ ನಮ್ಮನೆಯವರು ಏಳು ಹಕ್ಕಿ ಕಂಡರು. ಏಳೂ ಹಿಮವಾಗಿದ್ದವು. ಏಳನೆಯದಕ್ಕೆ ಆಪ್ಟೆ ಕಾಕಾ ಸಹ ನಗಲಿಲ್ಲ. ಅದು ನಗುವುದಕ್ಕಿಂತ ಕೆಟ್ಟದ್ದು. ಇವರು ದುರ್ಬೀನಿನ ಗಾಜನ್ನು ಶಾಲಿನ ತುದಿಯಿಂದ ಮತ್ತೆ ಮತ್ತೆ ಒರೆಸುತ್ತಿದ್ದರು, ತಪ್ಪು ಗಾಜಿನದೇ ಎಂಬಂತೆ.

ಹನ್ನೊಂದರ ಹೊತ್ತಿಗೆ ನನಗೆ ಬೇರೆಯದೇ ಚಿಂತೆ ಶುರುವಾಯಿತು. ಚಹಾ ಎರಡು ಕಪ್ ಕುಡಿದಿದ್ದೆ. ಟುಂಡ್ರಾದ ವರ್ಣನೆ ಬರೆದವರೆಲ್ಲ ಗಂಡಸರೇ ಇರಬೇಕು; ಇಲ್ಲಿ ಮರವಿಲ್ಲ ಎಂಬುದನ್ನು ಭವ್ಯತೆ ಎಂದು ಬರೆದಿದ್ದಾರೆ. ನಮ್ಮ ಹೊಲಗಳಲ್ಲಿ ತೊಗರಿ ಎದೆಯೆತ್ತರ ನಿಲ್ಲುತ್ತದೆ, ಹೆಣ್ಣುಮಕ್ಕಳ ಮಾನ ಕಾಯುತ್ತದೆ. ಇಲ್ಲಿನ ಗಿಡ ನನ್ನ ಹಿಮ್ಮಡಿಯನ್ನೂ ಮುಚ್ಚುವುದಿಲ್ಲ. ಬಹಳ ದೂರ ನಡೆದು, ಎಮ್ಮೆಯಷ್ಟು ದೊಡ್ಡ ಬಂಡೆಯೊಂದರ ಹಿಂದೆ ಹೋದೆ.

ಹೋಗಿ ನಿಂತೆ. ಕಾಲಿನಿಂದ ನಾಲ್ಕು ಮೊಳದಲ್ಲಿ, ಕಲ್ಲುಗಳ ನಡುವೆ, ಒಂದು ಕಲ್ಲು ಸರಿಯಿರಲಿಲ್ಲ.

ಜೋಳ ಹಸನು ಮಾಡಿದವರಿಗೆ ಇದು ಗೊತ್ತು. ಮೊರದಲ್ಲಿ ಹರಳು ಹುಡುಕುವವಳು ಹರಳನ್ನು ಹುಡುಕುವುದಿಲ್ಲ. ಕಣ್ಣು ಸಡಿಲ ಬಿಟ್ಟು ಮೊರ ಕೊಡವುತ್ತಾಳೆ. ಯಾವುದೋ ಒಂದು ಕಾಳು ಉಳಿದ ಕಾಳಿನಂತೆ ಉರುಳುವುದಿಲ್ಲ, ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಹಾಗೆಯೇ ಕಂಡಿತು. ಕಂದು, ಬೂದು, ಹೊನ್ನಿನ ಸಣ್ಣ ಸಣ್ಣ ಪಟ್ಟೆ. ಆಮೇಲೆ ಒಂದು ಕಣ್ಣು. ಕಪ್ಪು, ದುಂಡಗಿನ, ಮಿಟುಕದ ಕಣ್ಣು. ಅದು ನನ್ನನ್ನು ಎಷ್ಟು ಹೊತ್ತಿನಿಂದ ನೋಡುತ್ತಿತ್ತೋ, ಯಾವ ಅವಸ್ಥೆಯಲ್ಲಿ ನೋಡಲಿತ್ತೋ!

"ಎಕ್ಸ್‌ಕ್ಯೂಸ್ ಮಿ" ಎಂದೆ. ಸಂಸ್ಕಾರ ಎಲ್ಲಿ ಹೋದೀತು.

ಅದು ಅಲುಗಲಿಲ್ಲ. ಅದರ ಎದೆ ಮಾತ್ರ ಬೇಗ ಬೇಗ ಏರಿಳಿಯುತ್ತಿತ್ತು. ಹೆದರಿಕೆ ಇಷ್ಟಿದ್ದೂ ಕೂತ ಜಾಗ ಬಿಡದ ಆ ಪುಟ್ಟ ಹೆಂಗಸಿನ ಮುಂದೆ ನನ್ನ ಅವಸರ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹಿಂದೆ ಹಿಂದೆ ಹೆಜ್ಜೆ ಇಟ್ಟು, ಫೋನಿನಲ್ಲಿ ಒಂದೇ ಒಂದು ಫೋಟೋ ತೆಗೆದೆ. ಚಳಿಗೆ ಫೋನಿನ ಬ್ಯಾಟರಿ ಅಲ್ಲೇ ಜೀವ ಬಿಟ್ಟಿತು.

ಕೂಗಿದ್ದರೆ ಪೈಪು, ದುರ್ಬೀನು ಎಲ್ಲ ಓಡಿ ಬರುತ್ತಿದ್ದವು. ಶರ್ತನ್ನೂ ಅಲ್ಲೇ ಎಲ್ಲರೆದುರು ಗೆಲ್ಲುತ್ತಿದ್ದೆ. ಕೂಗಲಿಲ್ಲ. ಹೋಗಿ ನಮ್ಮನೆಯವರ ತೋಳು ಹಿಡಿದು, "ಸುಮ್ನ ಬರ್ರಿ" ಎಂದು ಕರೆತಂದು, ದೂರದಲ್ಲೇ ನಿಲ್ಲಿಸಿದೆ. ಎಲ್ಲಿದೆ ಎಂದು ಹೇಳಲಿಲ್ಲ, ಬೆರಳು ಮಾಡಲಿಲ್ಲ. ಶರ್ತು ಶರ್ತೇ.

"ಇಲ್ಲೇ ಅದ. ನೀವ ಹುಡುಕ್ರಿ."

ದುರ್ಬೀನು ಎತ್ತಿದರು. ಹಕ್ಕಿಯ ಮೇಲಿಂದ ಹಾದು ಹೋದರು. ಮತ್ತೆ ಹಾದು ಬಂದರು. ಮೂರನೆಯ ಸಲ ನನಗೆ ಉಸಿರು ಕಟ್ಟಿತು. ಗೆಲ್ಲಬೇಕೆಂದು ಕಾದವಳು, ಈಗ ಕಾಣಲಿ, ಇವರಿಗೆ ಕಾಣಲಿ ಎಂದು ಶಾಲಿನೊಳಗೆ ಕೈ ಹಿಸುಕಿಕೊಳ್ಳುತ್ತಿದ್ದೆ.

"ಕಂಡ್ತು" ಎಂದರು ಮೆಲ್ಲಗೆ.

"ಎಲ್ಲಿ?"

"ಬಲಕ್ಕ, ಮ್ಯಾಲ. ಕರಿ ಕಲ್ಲಿನ ಮ್ಯಾಗ. ಬೆಳ್ಳಗ… ಪೂರಾ ಬೆಳ್ಳಗಿಲ್ಲ, ಹೊಲಸ ಬಿಳಿ. ಚೀಲ ಕುಂತಂಗ ಕುಂತದ. ಗೊರ್ ಅಂತ ಸಪ್ಪಳಾನೂ ಬಂತು."

ನೋಡಿದೆ. ಹಿಮದ ಮಾಸಲು ತೇಪೆ. ಬೆಳಗಿನಿಂದ ಅಂಥ ಏಳು ನೋಡಿದ್ದೆ. ಗೂಡು ಎಡಕ್ಕೆ, ಕೆಳಗೆ. ಇಷ್ಟು ಹೊತ್ತು ಕಟ್ಟಿದ್ದ ಉಸಿರು ನಗುವಾಗಿ ಹೊರಬಿತ್ತು.

"ರೀ, ಯೂರಿಯಾ ಇಲ್ಲಿ ತನಾನೂ ಬಂದದೇನ್ರೀ? ಗೊರ್ ಅಂದದ್ದು ಆಪ್ಟೆ ಕಾಕಾರ ಹೊಟ್ಟಿ ಇರಬೇಕು."

ಅವರು ದುರ್ಬೀನು ಇಳಿಸಿದರು. ಇನ್ನೊಮ್ಮೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಬರಿಗಣ್ಣಿನಿಂದ ಆ ದಿಕ್ಕಿಗೆ ನೋಡಿ, "ಹಂಗಾದ್ರ ಬರಫ ಇರಬೇಕು ಬಿಡು" ಎಂದರು. ವಾಪಸು ಬಸ್ಸಿಗೆ ನಡೆಯುವಾಗ ಕಲ್ಲುಗಳ ಮೇಲೆ ಅವರು ನನ್ನ ಹೆಗಲು ಹಿಡಿದಿದ್ದರು. ಮುಂಚೆ ಹಿಡಿಯುತ್ತಿರಲಿಲ್ಲ.

ಬಸ್ಸಿನಲ್ಲಿ ಆಪ್ಟೆ ಕಾಕಾ ಕೇಳಿದರು, "ಪ್ರೊಫೆಸರ್ ಸಾಹೇಬ್, ಸಿಕ್ಕಿತೇ?"

"ನನಗ ಕಾಣ್ಲಿಲ್ರಿ. ನಮ್ಮಾಕಿಗೆ ಕಂಡ್ತು" ಎಂದು, ಪಟ್ಟಿಯ ಆ ಸಾಲನ್ನು ಖಾಲಿ ಬಿಟ್ಟು ಕಿಸೆಗಿಟ್ಟರು.

ಮರಳಿ ಅಫಜಲಪುರ

ಶರ್ತಿನಂತೆ ವಾರದೊಳಗೆ ಕಲಬುರಗಿಯ ಆಸ್ಪತ್ರೆಗೆ ಹೋದೆವು. ಎರಡೂ ಕಣ್ಣಿಗೆ ಪೊರೆ. ಮೊದಲು ಬಲಗಣ್ಣು, ತಿಂಗಳ ಮೇಲೆ ಎಡಗಣ್ಣು ಎಂದರು. ಒಳಗೆ ಕರೆದೊಯ್ಯುವಾಗ ಇವರು ನನ್ನ ಕೈಗೆ ಚಷ್ಮಾ ಕೊಟ್ಟು, "ಅಪ್ಪಗ ಹಸಿರು ಬಟ್ಟಿ ಕಟ್ಟಿದ್ರು" ಎಂದಷ್ಟೇ ಹೇಳಿದರು. ಇಷ್ಟು ವರ್ಷದಲ್ಲಿ ಆ ಮಾತು ಮೊದಲ ಸಲ ಅವರ ಬಾಯಿಂದ ಬಂತು. ನನಗೆ ಕೊಂಕು ಮಾತು ಒಂದೂ ಹೊಳೆಯಲಿಲ್ಲ. ನನ್ನ ಜೀವನದಲ್ಲಿ ಅದೂ ಮೊದಲ ಸಲ.

ಅರ್ಧ ಗಂಟೆಯಲ್ಲಿ ಹೊರಗೆ ಬಂದರು. ಮರುದಿನ ಕಣ್ಣಿನ ಬ್ಯಾಂಡೇಜು ತೆಗೆದಾಗ ನನ್ನನ್ನು ದಿಟ್ಟಿಸಿ ನೋಡಿ, "ನಿನ್ನ ಕೂದ್ಲ ಯಾವಾಗ ಬೆಳ್ಳಗಾದ್ವು?" ಎಂದರು. ದುಡ್ಡು ಕೊಟ್ಟು ಕಣ್ಣು ಮಾಡಿಸಿದ್ದಕ್ಕೆ ನನಗೆ ಸಿಕ್ಕ ಬಹುಮಾನ.

ಈ ನಡುವೆ ನಾನು ಊರಲ್ಲಿ ದೊಡ್ಡ ಪಕ್ಷಿತಜ್ಞೆಯಾಗಿದ್ದೆ. ಫೋಟೋವನ್ನು ಬಂದವರಿಗೆಲ್ಲ ತೋರಿಸಿ, "ಹಕ್ಕಿ ಎಲ್ಲದ ಹೇಳ್ರಿ" ಎಂದು ಪರೀಕ್ಷೆ ಮಾಡುವುದು, ಅವರು ಸೋತ ಮೇಲೆ ಎಡಗಡೆಯ ಗೂಡನ್ನು ಹಿಗ್ಗಿಸಿ ತೋರಿಸುವುದು, ಜೋಳ ಹಸನು ಮಾಡುವ ಕಣ್ಣಿನ ಬಗ್ಗೆ ಒಂದು ಸಣ್ಣ ಭಾಷಣ ಮಾಡುವುದು. ಆಳಂದದಿಂದ ಬಂದ ವೈನಿ ಚಪ್ಪಾಳೆ ತಟ್ಟಿದರು. ಇವರಿಗೆ ಮಾತ್ರ ತೋರಿಸಿರಲಿಲ್ಲ. ಗುಡ್ಡದ ಮೇಲೆ ನಾನಾಡಿದ ಯೂರಿಯಾ ಮಾತು ನೆನಪಾಗಿ ಕೈ ಹಿಂದೆ ಬರುತ್ತಿತ್ತು.

ಹೋದ ರವಿವಾರ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಇವರು ತಾವಾಗಿಯೇ ನನ್ನ ಫೋನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋಗಿ ಕೂತರು. ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಆಮೇಲೆ ಎದ್ದು ಬಂದು, ಫೋನನ್ನು ನನ್ನ ಮೊರದೊಳಗೆ ಜೋಳದ ಮೇಲೆ ಇಟ್ಟರು.

"ಈ ಗೊಬ್ಬರದ ಚೀಲಕ್ಕ ಹುಬ್ಬು ಕೆಂಪದ, ನೋಡು."

ಫೋಟೋದ ಬಲಮೂಲೆ, ಮೇಲೆ. ಕರಿ ಕಲ್ಲು. ನಾನು ಊರವರಿಗೆಲ್ಲ ತೋರಿಸುವಾಗ ಒಮ್ಮೆಯೂ ಹಿಗ್ಗಿಸದ ಮೂಲೆ. ಅದರ ಮೇಲೆ ಮಾಸಲು ಹಿಮದ ತೇಪೆ. ತೇಪೆಗೆ ಕುಂಕುಮದಂಥ ಹುಬ್ಬು ಇತ್ತು. ಕಣ್ಣಿನಿಂದ ಕೊಕ್ಕಿಗೆ ಎಳೆದ ಕಾಡಿಗೆಯ ಗೆರೆ ಇತ್ತು. ಎದೆಯ ತುಂಬ ಕೆಸರು ಮೆತ್ತಿಕೊಂಡು, ಹೆಂಡತಿ ಕೂತ ದಿಕ್ಕನ್ನೇ ಕಾಯುತ್ತ ಕೂತಿತ್ತು ಗಂಡು. ಪೊರೆ ಬಂದ ಕಣ್ಣಿಗೆ ಕಂಡದ್ದು ನನ್ನ ಹಸನಾದ ಕಣ್ಣಿಗೆ ಕಂಡಿರಲಿಲ್ಲ. ಗೊರ್ ಎಂದದ್ದೂ ಪಾಪದ ಆಪ್ಟೆ ಕಾಕಾರ ಹೊಟ್ಟೆಯಲ್ಲ.

ಮೊರದಿಂದ ಒಂದು ಹರಳು ಆರಿಸಿದೆ. ಕೈಗೆ ಬಂದದ್ದು ಜೋಳದ ಕಾಳು.

"ಸಾರಿ ರೀ" ಎಂದೆ.

ಇವರು ಕಿಸೆಯಿಂದ ಪಟ್ಟಿ ತೆಗೆದು, ಖಾಲಿ ಬಿಟ್ಟ ಸಾಲಿನಲ್ಲಿ ದುಂಡಗಿನ ಮೇಷ್ಟ್ರ ಅಕ್ಷರದಲ್ಲಿ ಬರೆದರು: ಗಂಡು ಒಂದು, ನಾನು ನೋಡಿದ್ದು, ಹೆಣ್ಣು ಒಂದು, ನಮ್ಮಾಕಿ ನೋಡಿದ್ದು. ಬರೆದು ಮುಗಿಸಿ, ಗಂಟಲು ಸರಿ ಮಾಡಿಕೊಂಡು, ತರಗತಿಯಲ್ಲಿ ನಿಂತವರಂತೆ ಹೇಳಿದರು. "ಅಂದ್ರ ಶರ್ತು ನಾ ಗೆದ್ದೇನಿ. ಇನ್ನ ಮುಂದ ಆ ಡಾಕ್ಟರ್ ಹೆಸರು ನೀ ಎತ್ತಂಗಿಲ್ಲ."

"ಎತ್ತಂಗಿಲ್ರಿ."

ಎಡಗಣ್ಣು ಮುಚ್ಚಿ ಫೋಟೋ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡಗಣ್ಣು ಮುಚ್ಚಿದರು.

"ಈ ಇನ್ನೊಂದು ಕಣ್ಣಿಗೆ ಯಾವತ್ತು ಬಾ ಅಂದಾರ?"

ಮಾತು ಕೊಟ್ಟವಳು ನಾನು. ತುಟಿ ಬಿಗಿಹಿಡಿದು, ಎದ್ದು ಹೋಗಿ, ತಾರೀಖಿಗೆ ಗುರುತು ಹಾಕಿಟ್ಟಿದ್ದ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದು ಅವರ ಮುಂದೆ ಹಿಡಿದೆ.